ಆರನೆಯ ಸಹಿಹಾಳೆ

ಸಿನಿಮಾದಲ್ಲಿ ಕೆಲಸ ಎಂದರೆ ಜನರ ಕಣ್ಣು ಅರಳುತ್ತದೆ. ಒಪ್ಪಂದ ಬರೆಯುವ ಕೆಲಸ ಎಂದ ಕೂಡಲೇ ಅದೇ ಕಣ್ಣು ಗಡಿಯಾರ ನೋಡುತ್ತದೆ. ನಿರ್ಮಾಪಕರ ಕಚೇರಿಯಲ್ಲಿ ನನ್ನನ್ನು ಫೈಲಮ್ಮ ಎಂದು ಕರೆಯುತ್ತಾರೆ. ನಟರಿಗೆ ಚಪ್ಪಾಳೆ, ನಿರ್ದೇಶಕರಿಗೆ ಪ್ರಶಸ್ತಿ, ಫೈಲಮ್ಮನಿಗೆ ಧೂಳಿನ ಸೀನು. ಹದಿನೈದು ವರ್ಷದಲ್ಲಿ ಒಂದು ಸಿನಿಮಾದ ತೆರೆಯ ಮೇಲೂ ನನ್ನ ಹೆಸರು ಬಂದಿರಲಿಲ್ಲ. ಊಟ ಒದಗಿಸಿದವರ ಹೆಸರು ಬರುತ್ತಿತ್ತು, ಜನರೇಟರ್ ಬಾಡಿಗೆಗೆ ಕೊಟ್ಟವನ ಹೆಸರು ಬರುತ್ತಿತ್ತು, ಒಮ್ಮೆ ಒಂದು ನಾಯಿಯ ಹೆಸರೂ ಬಂತು. ಹೊಟ್ಟೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನಡೆದದ್ದಕ್ಕೆ ದೊಡ್ಡ ಕಾರಣವನ್ನು ಯಾರೂ ಹುಡುಕಬೇಕಾಗಿಲ್ಲ.

ಎರಡು ದೇಶದವರು ಸೇರಿ ಸಿನಿಮಾ ಮಾಡುವುದೆಂದರೆ ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಎಲ್ಲರೂ ಆಸೆಪಡುತ್ತಾರೆ, ಏಕೆಂದರೆ ಎರಡು ಸರ್ಕಾರಗಳ ಒಡಂಬಡಿಕೆಯಂತೆ ಯಾವ ಕೆಲಸ ಯಾವ ದೇಶದವರದು ಎಂದು ಎಣಿಸುವ ಅಂಕಪಟ್ಟಿಯಲ್ಲಿ ಪಾಸಾದ ಸಿನಿಮಾ ಎರಡೂ ಕಡೆ ಸ್ವಂತದ್ದೆನಿಸಿಕೊಂಡು ಎರಡೂ ಕಡೆಯ ಸಹಾಯಧನ ಪಡೆಯುತ್ತದೆ. ನಮ್ಮ ಸಿನಿಮಾದಲ್ಲಿ ಕ್ಯಾಮೆರಾ, ಸಂಕಲನ, ನಿರ್ದೇಶನ ಎಲ್ಲ ಆಚೆ ದೇಶದವರದು. ಹಾಗಾಗಿ ಅಂಕ ಸರಿತೂಗಲು ಮುಖ್ಯ ನಟ ನಮ್ಮ ಕಡೆಯವನೇ ಆಗಬೇಕಿತ್ತು. ಗೊತ್ತುಮಾಡಿದ್ದ ಹೆಸರಾಂತ ನಟ ಕೊನೆ ಗಳಿಗೆಯಲ್ಲಿ ಕೈ ಎತ್ತಿದ. ಆಗ ನಾನು ದೊಡ್ಡಪ್ಪನ ಹೆಸರು ಹೇಳಿದೆ. ನಿರ್ದೇಶಕ ಅವರನ್ನು ಹತ್ತು ನಿಮಿಷ ನೋಡಿ, ಇವರೇ ಆಗಲಿ ಎಂದ.

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಆರು ವರ್ಷಕ್ಕೇ ಅವರ ಮನೆ ಸೇರಿದವಳು ನಾನು. ಅವರಿಗೆ ಮಕ್ಕಳಿರಲಿಲ್ಲ. ನಲವತ್ತು ವರ್ಷ ಅವರು ಮಾಡಿದ್ದು ಸಣ್ಣ ಪಾತ್ರಗಳನ್ನೇ: ಕಾವಲುಗಾರ, ನ್ಯಾಯಾಧೀಶ, ಬಾಗಿಲು ತೆಗೆಯುವ ಮುದುಕ, ಹೆಣ. ಹೆಣದ ಪಾತ್ರ ಅವರಿಗೆ ಅಚ್ಚುಮೆಚ್ಚು. "ಮಲಗಿದ್ದರೆ ಸಾಕು, ಸಂಬಳ ಬರುತ್ತೆ, ಸರ್ಕಾರಿ ಕೆಲಸ ಇದ್ದ ಹಾಗೆ," ಎನ್ನುತ್ತಿದ್ದರು. ದೊಡ್ಡಮ್ಮ ನಾಟಕದವರಿಗೆ ಉಡುಪು ಹೊಲಿಯುತ್ತಿದ್ದವರು. ಮದುವೆಯಾದದ್ದೂ ಹಾಗೇ, ಅಳತೆ ತೆಗೆದುಕೊಳ್ಳುತ್ತಾ.

ಸುದ್ದಿ ಹೇಳಿದ ದಿನ ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮುಖ್ಯ ಪಾತ್ರ ಅಂದರೆ ಎಷ್ಟು ದಿನದ ಕೆಲಸ ಮಗಳೇ?"

"ನಲವತ್ತೆರಡು ದಿನ."

"ನಲವತ್ತೆರಡು ದಿನವೂ ನಾನೇ ಇರಬೇಕಾ?"

"ಮತ್ತೆ ನಿಮ್ಮ ಬದಲು ನಾನು ಹೋಗಲಾ?" ಎಂದರು ದೊಡ್ಡಮ್ಮ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಆಮೇಲೆ ನನಗೆ ಹೇಳಿದರು, "ನೋಡ್ತಿರು, ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತೆ. ಇವರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಲ್ಲ. ಮದುವೆಯಾದಾಗಿನಿಂದ ನನ್ನ ಹತ್ತಿರ ಒಂದೇ ಒಂದು ವಿಷಯ ಮುಚ್ಚಿಟ್ಟವರಲ್ಲ." ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಆ ಮನೆಯ ಆಸ್ತಿ ಎಂದರೆ ಅದೊಂದೇ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಪ್ಪಂದ ಮುಗಿಯುವ ದಿನ ಇಪ್ಪತ್ತು ಮೂವತ್ತು ದಾಖಲೆಗಳು ಒಂದೇ ಗಳಿಗೆಯಲ್ಲಿ ಜಾರಿಗೆ ಬರಬೇಕು. ಎರಡು ದೇಶದಲ್ಲಿ ಚದುರಿರುವವರನ್ನು ಅಂದು ಒಂದು ಮೇಜಿನ ಸುತ್ತ ಕೂರಿಸುವುದು ಆಗದ ಮಾತು. ಹಾಗಾಗಿ ಸಹಿ ಹಾಕುವ ಹಾಳೆಯನ್ನು ಮಾತ್ರ ಬೇರೆಯಾಗಿ ಮುದ್ರಿಸಿ ಮೊದಲೇ ಸಹಿ ಹಾಕಿಸಿಟ್ಟುಕೊಳ್ಳುತ್ತೇವೆ. ಅದಕ್ಕೆ ಸಹಿಹಾಳೆ ಎನ್ನುತ್ತೇವೆ. ಅದರಲ್ಲಿ ವಿಷಯ ಏನೂ ಇರುವುದಿಲ್ಲ. ಒಂದು ಗೆರೆ, ಗೆರೆಯ ಕೆಳಗೆ 'ನಟ' ಎಂಬ ಪದ, ದಿನಾಂಕಕ್ಕೆ ಖಾಲಿ ಜಾಗ. ಕೊನೆಯ ದಿನ ಸಹಿದಾರರ ಒಪ್ಪಿಗೆ ಕೇಳಿ, ದಿನಾಂಕ ಬರೆದು, ಆಯಾ ದಾಖಲೆಯ ಬಾಲಕ್ಕೆ ಸೇರಿಸುತ್ತೇವೆ. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಹಾಳೆ ಇಟ್ಟುಕೊಂಡವರ ಮೇಲಿನ ನಂಬಿಕೆಯೊಂದರ ಮೇಲೆ ಇದೆಲ್ಲ ನಡೆಯುತ್ತದೆ.

ದೊಡ್ಡಪ್ಪ ಸಹಿ ಹಾಕಬೇಕಾದ ದಾಖಲೆಗಳು ಐದು. ನಾನು ಆರು ಹಾಳೆ ಒಯ್ದಿದ್ದೆ. ಶಾಯಿ ಚೆಲ್ಲಿದರೆ, ಮಡಿಕೆ ಬಿದ್ದರೆ ಇರಲಿ ಎಂದು ಒಂದು ಹೆಚ್ಚಿಗೆ. ಆಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಹಳೇ ಪತ್ರಿಕೆಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಆರಕ್ಕೂ ಒಂದೇ ರೀತಿ ಸಹಿ ಹಾಕಿದರು ದೊಡ್ಡಪ್ಪ. ಐದರ ವಿಷಯ ಒಂದೊಂದಾಗಿ ಬಿಡಿಸಿ ಹೇಳಿದೆ, ತಲೆದೂಗಿದರು. ನಾನು ಎಷ್ಟು ಹಾಳೆ ಪಡೆದೆ ಎಂಬ ಪಟ್ಟಿಗೂ ದಿನಾಂಕದ ಪಕ್ಕ ಒಂದು ಸಣ್ಣ ಸಹಿ ಹಾಕಿದರು.

ಒಂಬತ್ತು ದಿನದ ನಂತರ ವಿಮೆಯವರ ವೈದ್ಯರ ವರದಿ ಬಂತು. ಮುಖ್ಯ ನಟ ಮಧ್ಯದಲ್ಲಿ ಮಲಗಿದರೆ ಇಡೀ ಸಿನಿಮಾ ಮಲಗುತ್ತದೆ. ಅದಕ್ಕೇ ವಿಮೆಯವರು ತಮ್ಮ ವೈದ್ಯರಿಂದ ತಪಾಸಣೆ ಮಾಡಿಸುತ್ತಾರೆ, ವರದಿ ನೇರ ಕಚೇರಿಗೆ ಬರುತ್ತದೆ. ದೊಡ್ಡಪ್ಪನ ಕತ್ತಿನ ಎಡಗಡೆ, ಮಿದುಳಿಗೆ ರಕ್ತ ಒಯ್ಯುವ ನಾಳ ಮುಕ್ಕಾಲುಪಾಲು ಕಟ್ಟಿಕೊಂಡಿತ್ತು. ಕೊನೆಯ ಸಾಲಿನಲ್ಲಿ ವೈದ್ಯರು ಬರೆದಿದ್ದರು: ಇವರಿಗೆ ತಕ್ಷಣ ತಿಳಿಸಿ, ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಪಾಯವಿಲ್ಲ, ತಡಮಾಡಿದರೆ ಪಾರ್ಶ್ವವಾಯು. ತಕ್ಷಣ ಎಂಬುದರ ಕೆಳಗೆ ಗೆರೆಯಿತ್ತು.

ವರದಿ ಹಿಡಿದು ನಿರ್ಮಾಪಕರ ಕೋಣೆಗೆ ಹೋದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. ಓದಿ, ಒಂದು ತೊಳೆ ಬಾಯಿಗೆ ಹಾಕಿಕೊಂಡರು.

"ಆಪರೇಷನ್ನು, ವಿಶ್ರಾಂತಿ ಅಂದರೆ ಎರಡು ತಿಂಗಳು. ಈ ತಿಂಗಳು ಮುಗಿಯೋದರೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಆಚೆಯವರ ಸಹಾಯಧನ ರದ್ದು. ಅದು ಹೋದರೆ ಬ್ಯಾಂಕಿನವರೂ ಹೋದರು. ಬ್ಯಾಂಕು ಹೋದರೆ ನಾವೆಲ್ಲ ಮನೆಗೆ."

"ಬೇರೆ ನಟರನ್ನ ನೋಡೋಣ ಸರ್."

"ಹನ್ನೊಂದು ದಿನದಲ್ಲಾ? ಹುಡುಕೋದು, ಒಪ್ಪಿಸೋದು, ತಪಾಸಣೆ, ಅಂಕಪಟ್ಟಿ, ಎಲ್ಲ ಹನ್ನೊಂದು ದಿನದಲ್ಲಿ? ನೀನೇ ಹೇಳು." ಅವರು ಬೀಜ ಉಗಿದರು. "ವಿಮೆಯವರು ಬೆಳಗ್ಗೆಯೇ ಫೋನು ಮಾಡಿ ಇನ್ನೊಂದು ದಾರಿ ಕೊಟ್ಟಿದ್ದಾರೆ. ಆ ಒಂದು ಕಾಯಿಲೆಗೆ ವಿಮೆ ಇಲ್ಲ, ಉಳಿದದ್ದಕ್ಕೆಲ್ಲ ಇದೆ. ಆದರೆ 'ನನಗೆ ನನ್ನ ಕಾಯಿಲೆ ಗೊತ್ತಿದೆ, ತಿಳಿದೇ ಕೆಲಸಕ್ಕೆ ಬರ್ತಿದ್ದೀನಿ' ಅಂತ ನಟರು ಬರೆದುಕೊಡಬೇಕು. ಅವರ ದೃಶ್ಯಗಳನ್ನೆಲ್ಲ ಮೊದಲ ಇಪ್ಪತ್ತನಾಲ್ಕು ದಿನದಲ್ಲೇ ಮುಗಿಸಿಬಿಡೋಣ."

"ಅವರಿಗೆ ಹೇಳಬೇಕಾಗುತ್ತೆ."

"ಹೇಳ್ತೀಯೋ ಬಿಡ್ತೀಯೋ ನಿಮ್ಮ ಮನೆ ವಿಷಯ ಕಣಮ್ಮ. ನನಗೆ ನಾಳೆಯೊಳಗೆ ಸಹಿ ಬೇಕು." ಆಮೇಲೆ ಕೈ ಒರೆಸಿಕೊಳ್ಳುತ್ತಾ, ಬೇರೆ ಯಾವುದೋ ಮಾತೆಂಬಂತೆ ಹೇಳಿದರು, "ಸಹನಿರ್ಮಾಪಕಿ ಅಂತ ಈ ಸಲ ನಿನ್ನ ಹೆಸರು ಹಾಕೋಣ ಅಂದುಕೊಂಡಿದ್ದೀನಿ. ಗುಂಪಿನಲ್ಲಿ ಅಲ್ಲ, ಒಬ್ಬಳದೇ."

ಹೇಳಬೇಕು ಎಂದೇ ಮನೆಗೆ ಹೋದೆ. ಇದನ್ನು ಯಾರು ನಂಬಿದರೂ ಬಿಟ್ಟರೂ ನಿಜ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಿನಲ್ಲೇ ದೊಡ್ಡಪ್ಪನ ಸಂಭಾಷಣೆಯ ಅಭ್ಯಾಸ ಕೇಳಿಸಿತು. ದೊಡ್ಡಮ್ಮ ಎದುರು ಪಾತ್ರಗಳನ್ನೆಲ್ಲ ತಾವೇ ಓದುತ್ತಿದ್ದರು, ಮಗಳು, ಪೊಲೀಸ್, ಹಳೇ ಗೆಳೆಯ, ಎಲ್ಲರದೂ ಒಂದೇ ಧ್ವನಿ. ಹೊಸ ಅಂಗಿಯೊಂದು ಯಂತ್ರದ ಮೇಲೆ ಅರ್ಧ ಹೊಲಿದು ನಿಂತಿತ್ತು.

"ಡಾಕ್ಟರು ಏನಂದರು ಮಗಳೇ?" ದೊಡ್ಡಪ್ಪ ತಾವಾಗಿಯೇ ಕೇಳಿದರು. "ಕತ್ತಿನ ಹತ್ತಿರ ತುಂಬಾ ಹೊತ್ತು ಅದೇನೋ ಇಟ್ಟು ನೋಡಿದರು."

ದೊಡ್ಡಪ್ಪನಿಗೆ ಹೇಳಿದರೆ ಅದೇ ಕ್ಷಣ ದೊಡ್ಡಮ್ಮನಿಗೂ ಹೇಳಿದ ಹಾಗೆ. ದೊಡ್ಡಪ್ಪ ಒಬ್ಬರೇ ಆಗಿದ್ದರೆ, ಸಿನಿಮಾ ಮೊದಲು ಮುಗಿಸೋಣ, ಕತ್ತು ಆಮೇಲೆ ಎನ್ನುತ್ತಿದ್ದರೋ ಏನೋ. ದೊಡ್ಡಮ್ಮ ಮಾತ್ರ ಮಧ್ಯಾಹ್ನದೊಳಗೆ ಅವರನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನಾನು ಬಾಯಿ ಬಿಡಲಿಲ್ಲ.

"ಏನಿಲ್ಲ ದೊಡ್ಡಪ್ಪ, ವಯಸ್ಸಿಗೆ ತಕ್ಕ ಹಾಗಿದೆ ಅಂದರು."

"ಕೇಳಿದೆಯೇನೇ?" ಎಂದರು ಅವರು ಹೆಂಡತಿಗೆ. "ಕುದುರೆ ಇದ್ದ ಹಾಗಿದ್ದೀನಂತೆ."

"ಅವಳು ಅಷ್ಟು ಹೇಳಲಿಲ್ಲ," ಎಂದು ನಕ್ಕರು ದೊಡ್ಡಮ್ಮ. ನನಗೆ ಊಟ ಬಡಿಸಿದರು. ಉಂಡೆ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಸ್ಕೂಲಿನಲ್ಲಿ ಪರೀಕ್ಷೆಗೆಂದು ಉರುಹೊಡೆದಿದ್ದೆ, ಪೂರ್ತಿ ಅಂಕ ಬಂದಿತ್ತು.

ಮರುದಿನ ಬೆಳಗ್ಗೆ ಕಪಾಟಿನಿಂದ ಆರನೆಯ ಸಹಿಹಾಳೆ ತೆಗೆದೆ. ಅಂದಿನ ದಿನಾಂಕ ಬರೆದು, 'ಕಾಯಿಲೆಯ ಅರಿವಿನ ಒಪ್ಪಿಗೆ ಪತ್ರ'ದ ಹಿಂದೆ ಇಟ್ಟು ಸ್ಟೇಪ್ಲರ್ ಒತ್ತಿದೆ. ಆಚೆಯವರ ವಕೀಲೆ ಅಲ್ಪವಿರಾಮಕ್ಕೂ ಜಗಳಕ್ಕೆ ಬರುವವಳು. ಪತ್ರ ನೋಡಿ ಒಂದೇ ಪ್ರಶ್ನೆ ಕಳಿಸಿದಳು: ನಟರಿಗೆ ಇದನ್ನು ವಿವರಿಸಿದ್ದೀರಾ? ವಿವರಿಸಿದ್ದೇನೆ ಎಂದು ಬರೆದೆ. ಮೂರು ದಿನದಲ್ಲಿ ಎಲ್ಲ ದಾಖಲೆಗಳೂ ಜಾರಿಗೆ ಬಂದವು. ಕಚೇರಿಯಲ್ಲಿ ಸಿಹಿ ಹಂಚಿದರು.

ಚಿತ್ರೀಕರಣ ಶುರುವಾಯಿತು. ತಮ್ಮ ದೃಶ್ಯಗಳನ್ನೇ ಎಲ್ಲರಿಗಿಂತ ಮೊದಲು ತೆಗೆಯುತ್ತಿರುವುದು ದೊಡ್ಡಪ್ಪನಿಗೆ ಮರ್ಯಾದೆಯಾಗಿ ಕಂಡಿತು. "ದೊಡ್ಡ ನಟರಿಗೆ ಹಾಗೇ ಮಾಡೋದಂತೆ," ಎಂದು ಮನೆಗೆ ಫೋನು ಮಾಡಿ ಹೇಳಿದರು. ದಿನಕ್ಕೆ ಹನ್ನೆರಡು ತಾಸು ನಿಲ್ಲಿಸುತ್ತಿದ್ದರು. ಹನ್ನೆರಡನೆಯ ದಿನ ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು.

"ಎಡಗಣ್ಣಿಗೆ ಆಗಾಗ ಪರದೆ ಬಿದ್ದ ಹಾಗೆ ಆಗುತ್ತೆ ಮಗಳೇ. ಐದು ನಿಮಿಷ, ಆಮೇಲೆ ಸರಿಹೋಗುತ್ತೆ. ನಿನ್ನೆ ಎರಡು ಸಲ ಆಯ್ತು."

ವರದಿಯ ಎರಡನೇ ಪುಟದಲ್ಲಿ ಇದೂ ಇತ್ತು, ಹೀಗಾದರೆ ಗಂಟೆಗಳ ಲೆಕ್ಕ ಎಂದು.

"ದೀಪದ ಬೆಳಕು ಜಾಸ್ತಿ ಅಲ್ವಾ ದೊಡ್ಡಪ್ಪ, ಎಲ್ಲರಿಗೂ ಹಾಗೇ ಆಗುತ್ತೆ. ತಂಪು ಕನ್ನಡಕ ಕೊಡಿಸ್ತೀನಿ."

ಕೊಡಿಸಿದೆ. ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಂಡು ದೊಡ್ಡಮ್ಮನಿಗೆ ಕಳಿಸಿದರು. ಇನ್ನು ಹನ್ನೆರಡು ದಿನ ತಡೆಯಲಿ ಎಂದು ನಾನು ಯಾರನ್ನೋ ಬೇಡಿಕೊಂಡೆ. ನಿಜ ಹೇಳುತ್ತೇನೆ, ಬೇಡಿಕೊಂಡದ್ದು ಅವರಿಗಾಗಿ ಅಲ್ಲ.

ಹತ್ತೊಂಬತ್ತನೆಯ ದಿನ ಬೆಳಗ್ಗೆ, ಮಗಳಿಗೆ ಕ್ಷಮೆ ಕೇಳುವ ದೃಶ್ಯ. ಸಂಭಾಷಣೆಯ ಮಧ್ಯೆ ದೊಡ್ಡಪ್ಪ ನಿಂತರು. ತುಟಿ ಅಲುಗಿತು, ಮಾತು ಬರಲಿಲ್ಲ. ಬಲಗೈ ಮೇಜಿನಿಂದ ಜಾರಿತು. ಬಾಯಿಯ ಒಂದು ಮೂಲೆ ಕೆಳಗಿಳಿಯಿತು. ಎದುರಿದ್ದ ನಟಿ ಅದನ್ನು ಅಭಿನಯವೆಂದೇ ತಿಳಿದು ಅತ್ತಳು. ನಿರ್ದೇಶಕ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಕ್ಯಾಮೆರಾ ನಲವತ್ತು ಸೆಕೆಂಡು ಓಡಿತು. ಏನಾಗುತ್ತಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನೂ ಕೂಗಲಿಲ್ಲ. ಕುರ್ಚಿಯ ಸಮೇತ ಅವರು ಬಿದ್ದ ಮೇಲೆ ಎಲ್ಲರೂ ಓಡಿದರು.

ಬದುಕಿದರು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು, ಬರೆಯುವುದೂ ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೊರಗೆ ಹೇಳುವ ದಾರಿ ಮಾತ್ರ ಮುಚ್ಚಿದೆ ಎಂದರು ಆಸ್ಪತ್ರೆಯವರು. ವಾರದ ನಂತರ ನಿರ್ದೇಶಕ ನನಗೆ ಫೋನು ಮಾಡಿದ. ಆ ನಲವತ್ತು ಸೆಕೆಂಡನ್ನು ಸಿನಿಮಾದಲ್ಲಿ ಇಟ್ಟುಕೊಳ್ಳಲು ಒಪ್ಪಂದದಲ್ಲಿ ಅವಕಾಶವಿದೆಯೇ ಎಂದು ಕೇಳಿದ. ಇದೆ ಎಂದೆ. ಕೆಲಸದ ವೇಳೆಯಲ್ಲಿ ಚಿತ್ರಿಸಿದ ಸಮಸ್ತವೂ ನಿರ್ಮಾಪಕರ ಸ್ವತ್ತು ಎಂಬ ಸಾಲನ್ನು ಬರೆದವಳು ನಾನೇ. ಉಳಿದ ದೃಶ್ಯಗಳನ್ನು ಬೇರೊಬ್ಬನ ಬೆನ್ನು ತೋರಿಸಿ ಮುಗಿಸಿದರು.

ವಿಮೆಯವರ ತನಿಖೆಯವರು ಆಸ್ಪತ್ರೆಗೇ ಬಂದರು. ಸಭ್ಯ ಮನುಷ್ಯ. ಹೊರಗಿನ ಬೆಂಚಿನ ಮೇಲೆ ದೊಡ್ಡಮ್ಮನ ಪಕ್ಕ ಕೂತು ಪತ್ರ ತೋರಿಸಿದರು.

"ಇದು ನಿಮ್ಮ ಯಜಮಾನರ ಸಹಿ ಅಲ್ವಾ ಅಮ್ಮ?"

ದೊಡ್ಡಮ್ಮ ನೋಡಿದರು. "ಅವರದೇ."

"ಕಾಯಿಲೆ ಇರೋದು ತಮಗೆ ಗೊತ್ತಿತ್ತು ಅಂತ ಬರೆದುಕೊಟ್ಟಿದ್ದಾರೆ. ಹಾಗಾಗಿ ನಮ್ಮ ಕಡೆಯಿಂದ ಏನೂ ಬರಲ್ಲ. ಬೇಜಾರು ಮಾಡ್ಕೋಬೇಡಿ."

ದೊಡ್ಡಮ್ಮ ಪತ್ರದ ಮೇಲಿನ ದಿನಾಂಕವನ್ನು ಬೆರಳಿಟ್ಟು ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

ನಿಜ ಹೇಳಿದರೆ ಪತ್ರ ಖೋಟಾ, ಪತ್ರ ಖೋಟಾ ಆದರೆ ವಿಮೆ ಸುಳ್ಳು, ವಿಮೆ ಸುಳ್ಳಾದರೆ ಎರಡು ದೇಶದ ಸಿನಿಮಾ ಮುಗಿಯಿತು, ನಾನು ಜೈಲಿಗೆ. ಇಷ್ಟನ್ನೂ ಒಂದು ಉಸಿರಿನಲ್ಲಿ ಯೋಚಿಸಿದೆ. ಗೊತ್ತಿರಲಿಲ್ಲ ಎಂದಷ್ಟೇ ಹೇಳಿ ಬಿಡಬಹುದಿತ್ತು. ಆದರೆ ತನಿಖೆಯವರ ಫೈಲಿನಲ್ಲಿ, ವಿವರಿಸಿದ್ದೇನೆ ಎಂದು ಆ ವಕೀಲೆಗೆ ನಾನೇ ಬರೆದ ಕಾಗದವಿತ್ತು.

"ನಿಮಗೆ ಹೇಳಬೇಡ ಅಂದಿದ್ದರು ದೊಡ್ಡಮ್ಮ."

ದೊಡ್ಡಮ್ಮ ಅಳಲಿಲ್ಲ. ಪತ್ರ ಹಿಂದಿರುಗಿಸಿ, ಸೆರಗಿನಿಂದ ಬೆಂಚು ಒರೆಸಿದರು, ಅದೇಕೋ.

ಮನೆಗೆ ಕರೆತಂದ ಮೇಲೆ ದೊಡ್ಡಪ್ಪನ ಆರೈಕೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯಾಗಲಿಲ್ಲ. ತಿರುಗಿಸಿ ಮಲಗಿಸುವುದು, ಒರೆಸುವುದು, ಚಮಚದಲ್ಲಿ ಉಣಿಸುವುದು, ಎಲ್ಲ ಹೊತ್ತಿಗೆ ಸರಿಯಾಗಿ. ಆದರೆ ಗಂಡನ ಜೊತೆ ಒಂದು ಮಾತಿಲ್ಲ. ಬಾಯಿ ತೆಗೆಯಿರಿ ಎಂದೂ ಹೇಳುತ್ತಿರಲಿಲ್ಲ, ಚಮಚವನ್ನು ತುಟಿಗೆ ತಾಗಿಸುತ್ತಿದ್ದರು. ಅವರು ಕಣ್ಣಿನಲ್ಲೇ ಏನೇನೋ ಕೇಳುತ್ತಿದ್ದರು, ಇವರು ಗೋಡೆ ನೋಡುತ್ತಿದ್ದರು. ಅಡುಗೆಮನೆಯಲ್ಲಿ ನನಗೆ ಹೇಳಿದರು, "ನನ್ನ ಹತ್ತಿರ ಮುಚ್ಚಿಟ್ಟರು. ಅದೂ ಯಾತಕ್ಕೆ, ಒಂದು ಪಾತ್ರಕ್ಕೆ. ನಲವತ್ತು ವರ್ಷ ನಾನು ಯಾರ ಜೊತೆ ಇದ್ದೆ ಅಂತ ಈಗ ಯೋಚನೆ ಮಾಡ್ತಾ ಇದ್ದೀನಿ." ಅಡುಗೆಮನೆಗೂ ದೊಡ್ಡಪ್ಪನ ಮಂಚಕ್ಕೂ ನಡುವೆ ಒಂದು ಪರದೆ ಅಷ್ಟೇ.

ಸಿನಿಮಾ ಬಿಡುಗಡೆಯಾಯಿತು. ಆ ನಲವತ್ತು ಸೆಕೆಂಡನ್ನು ಎರಡೂ ದೇಶದ ವಿಮರ್ಶಕರು ಹಾಡಿ ಹೊಗಳಿದರು. ನನ್ನ ಹೆಸರು ನಾಲ್ಕು ಸೆಕೆಂಡು ಇತ್ತು, ಒಬ್ಬಳದೇ. ಪಕ್ಕದಲ್ಲಿ ಕೂತಿದ್ದವನು ಆ ಹೊತ್ತಿಗೆ ಫೋನು ನೋಡುತ್ತಿದ್ದ. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಅದೂ ಸುಳ್ಳೇ.

ವಿಮೆಯ ಕಡತ ಶಾಶ್ವತವಾಗಿ ಮುಚ್ಚಿದೆ ಎಂಬ ಪತ್ರ ಬಂದ ಮೇಲೆ, ದೊಡ್ಡಮ್ಮನಿಗೆ ಎಲ್ಲ ಹೇಳಿಬಿಡಬೇಕೆಂದು ಹೊರಟೆ. ಸತ್ಯ ಹೇಳುವುದಕ್ಕೂ ನಾನು ನನಗೆ ಅಪಾಯವಿಲ್ಲದ ದಿನವನ್ನೇ ಆರಿಸಿದೆ. ಬ್ಯಾಗಿನಲ್ಲಿ ಸಹಿಹಾಳೆಗಳ ಪಟ್ಟಿ ಇಟ್ಟುಕೊಂಡಿದ್ದೆ. ನಟರಿಂದ ಆರು ಹಾಳೆ ಪಡೆದದ್ದು ಇಂಥ ದಿನ ಎಂದು ಅದರಲ್ಲಿತ್ತು, ವೈದ್ಯರ ವರದಿಗೆ ಒಂಬತ್ತು ದಿನ ಮೊದಲಿನ ದಿನಾಂಕ, ದೊಡ್ಡಪ್ಪನ ಕೈಯ ಸಣ್ಣ ಸಹಿಯ ಸಮೇತ. ಅದೊಂದನ್ನು ನೋಡಿದರೆ ಮಗುವಿಗೂ ಅರ್ಥವಾಗುತ್ತಿತ್ತು.

ದೊಡ್ಡಮ್ಮ ಅಡುಗೆಮನೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದರು. ದೊಡ್ಡಪ್ಪ ಪರದೆಯ ಆಚೆ. ನಾನು ಮೊದಲಿನಿಂದ ಹೇಳಿದೆ: ವರದಿ, ಕಿತ್ತಳೆ, ಖಾಲಿ ಹಾಳೆ, ಸ್ಟೇಪ್ಲರ್. ಬೆಂಚಿನ ಮೇಲೆ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಮಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಸಾಕು ಬಿಡು ಮಗಳೇ."

"ನಿಜ ದೊಡ್ಡಮ್ಮ. ಅವರಿಗೆ ಏನೂ ಗೊತ್ತಿರಲಿಲ್ಲ."

"ಸಹಿ ನಾನೇ ಕಣ್ಣಾರೆ ನೋಡಿದ್ದೀನಲ್ಲ. ಸಾಕಿದ ಋಣ ತೀರಿಸೋಕೆ ಅವರ ತಪ್ಪನ್ನ ನಿನ್ನ ತಲೆಗೆ ಕಟ್ಟಿಕೊಳ್ತಿದ್ದೀಯ. ನನಗೆ ಅಷ್ಟೂ ತಿಳಿಯಲ್ವಾ? ನೀನು ಅಂಥ ಕೆಲಸ ಮಾಡೋಳಾ? ಆರನೇ ವಯಸ್ಸಿನಿಂದ ಸಾಕಿದವಳು ನಾನು, ನನಗೆ ಗೊತ್ತಿಲ್ವಾ ನೀನು ಎಂಥವಳು ಅಂತ?"

ಪರದೆಯ ಆಚೆ ಮಂಚದ ಕಂಬಿಗೆ ಏನೋ ಬಡಿಯಿತು. ಮತ್ತೆ ಬಡಿಯಿತು. ದೊಡ್ಡಪ್ಪನ ಎಡಗೈ. ಅವರ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ಪದವಾಗಲು ಒದ್ದಾಡಿ ಪದವಾಗದ್ದು. ದೊಡ್ಡಮ್ಮ ಎದ್ದು ಹೋಗಿ ಪರದೆ ಸರಿಸಿದರು. ಒಂದೂವರೆ ವರ್ಷದಲ್ಲಿ ಮೊದಲ ಸಲ ಗಂಡನ ಮುಖ ನೋಡಿ ಮಾತಾಡಿದರು.

"ಕೇಳಿಸ್ತಾ? ನಿಮ್ಮನ್ನ ಉಳಿಸೋಕೆ ಈ ಹುಡುಗಿ ಸುಳ್ಳು ಹೇಳ್ತಿದ್ದಾಳೆ. ನಾಚಿಕೆ ಆಗಬೇಕು ನಿಮಗೆ."

ದೊಡ್ಡಪ್ಪ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಾಯುತ್ತಿದ್ದರು, ನಾನು ಇನ್ನೊಂದು ಸಲ ಹೇಳಲಿ ಎಂದು. ಬ್ಯಾಗು ನನ್ನ ಮಡಿಲಲ್ಲೇ ಇತ್ತು. ಪಟ್ಟಿ ಒಳಗಿನ ಜೇಬಿನಲ್ಲಿತ್ತು.

ಹೇಳಿದ್ದಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ ಮೈ ಹಗುರಾಯಿತು, ಆ ಹಗುರಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಕೈ ಬ್ಯಾಗಿನ ಕಡೆ ಹೋಗಲಿಲ್ಲ. ದೊಡ್ಡಮ್ಮ ಪರದೆ ಎಳೆದು ಬಂದು ಚಹಾ ಮಾಡಿ ಕೊಟ್ಟರು. ಕಂಬಿಯ ಸದ್ದು ನಿಧಾನವಾಗಿ ನಿಂತಿತು. ನಾನು ಚಹಾ ಕುಡಿದು, ಲೋಟ ತೊಳೆದಿಟ್ಟು, ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ಎದ್ದೆ.